ಮಧುಗಿರಿ ಬಂಡೆ ಮೇಲೆ ಕಾಲು ಯಾಕೆ ನಡುಗಿತು?

ಪ್ರಶ್ನೆ: ನಾನು ಪುತ್ತೂರಿನವಳು, ವಯಸ್ಸು 41. ಬ್ಯಾಂಕಿನಲ್ಲಿ ಕೆಲಸ, ಹೋದ ಜೂನ್‌ನಲ್ಲಿ ತುಮಕೂರಿಗೆ ವರ್ಗವಾಗಿ ಬಂದೆ. ಊರಿನಲ್ಲಿದ್ದಾಗ ಕುಮಾರಪರ್ವತ, ಕೊಡಚಾದ್ರಿ ಎಲ್ಲ ಹತ್ತಿದ್ದೇನೆ, ಬೆಟ್ಟ ನನಗೆ ಹೊಸತಲ್ಲ. ಮಧುಗಿರಿ ಬೆಟ್ಟ ಅರ್ಧ ದಿನದ ಕೆಲಸ ಎಂದು ಆಫೀಸಿನವರೆಲ್ಲ ಹೇಳಿದ್ದರಿಂದ ಫೆಬ್ರವರಿ ಕೊನೆಗೆ ಒಂದು ಭಾನುವಾರ ಹೋದೆವು. ಹತ್ತಲು ಶುರು ಮಾಡುವಾಗಲೇ ಒಂಬತ್ತೂವರೆ ಆಗಿತ್ತು. ಕಂಬಿ ಇರುವ ಕಡಿದಾದ ಜಾಗದಲ್ಲಿ ಎಡಗಾಲು ತನ್ನಷ್ಟಕ್ಕೆ ನಡುಗಲು ಶುರುವಾಯಿತು, ನಿಲ್ಲಿಸಲು ಆಗಲೇ ಇಲ್ಲ ಮಾರಾಯ್ರೆ. ಬಾಯಿ ಒಣಗಿತು, ತಲೆನೋವು ಬಂತು. ಕುಳಿತುಕೊಂಡೇ ಇಳಿದು ಬಂದೆ. ಇದು ವಯಸ್ಸಿನದ್ದಾ, ಹೆದರಿಕೆಯದ್ದಾ, ಅಲ್ಲ ಇಲ್ಲಿ ಎತ್ತರಕ್ಕೆ ಗಾಳಿ ಕಡಿಮೆ ಉಂಟಾ? ಯುಗಾದಿ ರಜೆಯಲ್ಲಿ ಇನ್ನೊಮ್ಮೆ ಹೋಗಿ ತುದಿ ಮುಟ್ಟಬೇಕು ಅಂತ ಆಸೆ. ಹೇಗೆ ತಯಾರಾಗಬೇಕು? 12 ವರ್ಷದ ಮಗಳೂ ಬರುತ್ತೇನೆ ಎನ್ನುತ್ತಿದ್ದಾಳೆ.

ಉತ್ತರ:

ಗಾಳಿಯ ವಿಷಯ ಮೊದಲು ಮುಗಿಸಿಬಿಡೋಣ, ಅದು ಸುಲಭ. ಎತ್ತರಕ್ಕೆ ಗಾಳಿ ತೆಳುವಾಗಿ ತಲೆನೋವು, ವಾಂತಿ ಬರುವುದು ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಅಷ್ಟಿಲ್ಲ, ಅದು 1,930 ಮೀಟರ್ ಆಸುಪಾಸು. ಮಧುಗಿರಿ ಬೆಟ್ಟದ ತುದಿ 1,193 ಮೀಟರ್. ನೀವು ಮನೆ ಮಾಡಿಕೊಂಡಿರುವ ತುಮಕೂರೇ 800 ಮೀಟರ್‌ಗಿಂತ ಮೇಲಿದೆ. ಇನ್ನೂ ನಂಬಿಕೆ ಬರದಿದ್ದರೆ ದೇವರಾಯನದುರ್ಗ ನೋಡಿ. ಅದು 1,204 ಮೀಟರ್, ಮಧುಗಿರಿಗಿಂತ ಹತ್ತು ಮೀಟರ್ ಜಾಸ್ತಿಯೇ. ಅಲ್ಲಿಗೆ ಶನಿವಾರ ಅಜ್ಜಿಯಂದಿರು ಕಾರಿನಲ್ಲಿ ಹೋಗಿ ನರಸಿಂಹನ ದರ್ಶನ ಮಾಡಿ, ಪ್ರಸಾದ ತಿಂದು ಬರುತ್ತಾರೆ. ಯಾರಿಗೂ ತಲೆ ತಿರುಗುವುದಿಲ್ಲ.

ವಯಸ್ಸೂ ಅಲ್ಲ. ಬಿಪಿ, ಶುಗರ್ ಇದ್ದರೆ, ಮೆಟ್ಟಿಲು ಹತ್ತುವಾಗ ಯಾವತ್ತಾದರೂ ಎದೆ ಹಿಡಿದುಕೊಂಡಿದ್ದರೆ ಡಾಕ್ಟರ್ ಹತ್ತಿರ ಒಂದು ಸಲ ತೋರಿಸಿಕೊಳ್ಳಿ, ಅದನ್ನು ಯಾರಿಗಾದರೂ ಹೇಳುವ ಮಾತೇ. ಅದೇನೂ ಇಲ್ಲ ಎಂದರೆ 41ಕ್ಕೆ ಈ ಬೆಟ್ಟ ದೊಡ್ಡದಲ್ಲ.

ಹೆದರಿಕೆ ಇತ್ತು, ಸರಿ. ಆದರೆ ಕಾಲು ನಡುಗಿದ್ದು ಹೆದರಿಕೆ ಒಂದಕ್ಕೇ ಅಲ್ಲ. ನೀವು ನಿಂತಿದ್ದ ರೀತಿಗೆ. ಮುಂದಿನ ಸಲ ಹೋದಾಗ ಹತ್ತುತ್ತಿರುವವರ ಕಾಲು ಮಾತ್ರ ಐದು ನಿಮಿಷ ನೋಡಿ. ಇಳಿಜಾರು ಜಾಸ್ತಿಯಾದ ಕೂಡಲೇ ಹೊಸಬರೆಲ್ಲ ಒಂದೇ ಕೆಲಸ ಮಾಡುತ್ತಾರೆ. ಮೈಯನ್ನು ಬಂಡೆ ಕಡೆಗೆ ಬಾಗಿಸುತ್ತಾರೆ, ಒಂದು ಕೈಯಲ್ಲಿ ಕಂಬಿ ಬಿಗಿಯಾಗಿ ಹಿಡಿಯುತ್ತಾರೆ, ಹಿಮ್ಮಡಿ ಮೇಲೆತ್ತಿ ಶೂ ತುದಿಯನ್ನಷ್ಟೇ ಬಂಡೆಗೆ ಒತ್ತುತ್ತಾರೆ. ಆಗ ಇಡೀ ಮೈಭಾರ ಮೀನಖಂಡದ ಮೇಲೆ ಬೀಳುತ್ತದೆ. ಅದು ಅರ್ಧ ನಿಮಿಷ ತಡೆಯುತ್ತದೆ, ಒಂದು ನಿಮಿಷ ತಡೆಯುತ್ತದೆ, ಆಮೇಲೆ ಸೋತು ಕಾಲು ಹೊಲಿಗೆ ಮೆಷಿನ್ ತರ ಟಕಟಕ ಅಂತ ಕುಣಿಯಲು ಶುರು. ಬಂಡೆ ಹತ್ತುವವರಲ್ಲಿ ಇದು ಆಗದವರೇ ಇಲ್ಲ. ಭಯ ಇದ್ದರೆ ಸ್ನಾಯು ಮೊದಲೇ ಬಿಗಿಯಾಗಿರುತ್ತದೆ, ಹಾಗಾಗಿ ಇನ್ನೂ ಬೇಗ ಬರುತ್ತದೆ. ಕಾಲು ಕುಣಿಯುವುದು ನೋಡಿ ಭಯ ಇನ್ನಷ್ಟು, ಭಯ ಜಾಸ್ತಿಯಾದರೆ ಕುಣಿತ ಇನ್ನಷ್ಟು.

ಇದಕ್ಕೆ ಮದ್ದು ಒಂದೇ. ಹಿಮ್ಮಡಿ ಇಳಿಸಿ. ಅಷ್ಟೇ. ಶೂವಿನ ಅಡಿ ಪೂರ್ತಿ ಬಂಡೆಗೆ ತಾಗುವ ಹಾಗೆ ಹಿಮ್ಮಡಿಯನ್ನು ಕೆಳಗೆ ಒತ್ತಿ, ಮಂಡಿ ಸ್ವಲ್ಪ ಬಗ್ಗಿಸಿ, ಬಾಯಿಂದ ಉದ್ದಕ್ಕೆ ಉಸಿರು ಬಿಡಿ. ಸ್ವಲ್ಪ ಹೊತ್ತಿಗೇ ನಡುಕ ನಿಲ್ಲುತ್ತದೆ. ಮನೆಯಲ್ಲೇ ಬೇಕಾದರೆ ನೋಡಿ. ಮೆಟ್ಟಿಲ ಅಂಚಿನ ಮೇಲೆ ಕಾಲಿನ ತುದಿಯಲ್ಲಷ್ಟೇ ನಿಂತು, ಹಿಮ್ಮಡಿ ಎತ್ತಿ ಹಿಡಿದು ಸುಮ್ನೆ ಎರಡು ನಿಮಿಷ ಎಣಿಸಿ. ಬೆಟ್ಟವೂ ಇಲ್ಲ, ಎತ್ತರವೂ ಇಲ್ಲ, ಆದರೂ ಕಾಲು ನಡುಗುತ್ತದೆ.

ಇನ್ನು ಕುಮಾರಪರ್ವತದ ಮಾತು. ಕುಕ್ಕೆಯಿಂದ ಹತ್ತಿದರೆ ಅಲ್ಲಿ ಸುಮಾರು 1,600 ಮೀಟರ್ ಏರು. ಮಧುಗಿರಿಯಲ್ಲಿ ಊರಿನಿಂದ ತುದಿಗೆ 400 ಮೀಟರ್. ಲೆಕ್ಕಕ್ಕೆ ಕಾಲು ಭಾಗ. ಈ ಲೆಕ್ಕವೇ ಕರಾವಳಿ, ಮಲೆನಾಡಿನಿಂದ ಬಂದವರನ್ನು ಕೆಡಿಸುವುದು. ನಿಮ್ಮ ಕಡೆಯ ಬೆಟ್ಟ ಕೇಳುವುದು ದಮ್ಮು. ಮಣ್ಣಿನ ದಾರಿ, ಬೇರು, ಎರಡೂ ಕಡೆ ಮರ, ಬಿದ್ದರೂ ಒಂದು ಗಿಡ ತಡೆಯುತ್ತದೆ. ಹೊತ್ತು ಜಾಸ್ತಿ ಬೇಕು, ತಾಳ್ಮೆ ಬೇಕು. ಇಲ್ಲಿಯದು ಬೋಳು ಬಂಡೆ. ದಮ್ಮು ಬೇಕಾಗುವುದು ಕಡಿಮೆ, ಪಾದಕ್ಕೆ ನಂಬಿಕೆ ಬೇಕು. ನೀವು ತಂದಿರುವ ಅನುಭವ ಸುಳ್ಳಲ್ಲ, ಅದು ಇಲ್ಲಿ ಅರ್ಧಕ್ಕೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಉಳಿದರ್ಧ ಹೊಸದಾಗಿ ಕಲಿಯಬೇಕು. ಹೊಸ ಊರಿಗೆ ಬಂದವರು ಇದನ್ನು ಒಪ್ಪಿಕೊಂಡರೆ ಕೆಲಸ ಬೇಗ ಆಗುತ್ತದೆ, ‘ನಾನು ಅಷ್ಟು ದೊಡ್ಡದು ಹತ್ತಿದ್ದೇನೆ’ ಎಂದು ಹಟ ಹಿಡಿದವರೇ ಬೇಗ ಜಾರುವುದು.

ಈ ಕಲ್ಲಿನ ಗುಣ ಸ್ವಲ್ಪ ತಿಳಿದಿರಲಿ. ರಾಮನಗರದಿಂದ ಮಾಗಡಿ, ತುಮಕೂರು ಸೀಮೆ, ಮಧುಗಿರಿ, ಪಾವಗಡದ ಮೇಲೆ ಬಳ್ಳಾರಿ ಕಡೆಗೆ ಒಂದು ಉದ್ದದ ಗ್ರಾನೈಟ್ ಪಟ್ಟಿ ಹೋಗಿದೆ. ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ, ಸುಮಾರು 250 ಕೋಟಿ ವರ್ಷದ ಕಲ್ಲು. ಒಣಗಿದ್ದಾಗ ಇದರ ಮೈ ತುಂಬಾ ಒರಟು, ರಬ್ಬರ್ ಅಡಿ ಗಟ್ಟಿಯಾಗಿ ಹಿಡಿಯುತ್ತದೆ. ನೀವು ಜಾರುತ್ತೇನೆ ಅಂದುಕೊಳ್ಳುವ ಎಷ್ಟೋ ಇಳಿಜಾರಿನಲ್ಲಿ ಜಾರುವುದೇ ಇಲ್ಲ. ತೊಂದರೆ ಬರುವುದು ಎರಡು ಜಾಗದಲ್ಲಿ. ಬಿಸಿಲಿಗೆ ಬಂಡೆಯ ಮೇಲ್ಪದರ ಸವೆದು ಉದುರಿದ ಕಾಳುಕಾಳು ಮರಳು ಗುಳಿಗಳಲ್ಲಿ, ಮೆಟ್ಟಿಲ ಮೂಲೆಯಲ್ಲಿ ಕೂತಿರುತ್ತದೆ. ಅದರ ಮೇಲೆ ಕಾಲಿಟ್ಟರೆ ಶೂ ಬಂಡೆಗೆ ತಾಗುವುದೇ ಇಲ್ಲ, ಕಾಳಿನ ಮೇಲೆ ಉರುಳುತ್ತದೆ. ಕಾಲಿಡುವ ಮೊದಲು ಶೂ ತುದಿಯಿಂದ ಒಮ್ಮೆ ಗುಡಿಸಿಬಿಡಿ. ಇನ್ನೊಂದು, ಮಳೆನೀರು ಹರಿದು ಹರಿದು ಆದ ಕಪ್ಪು ಪಟ್ಟೆ. ಒಣಗಿದ್ದಾಗ ಪರವಾಗಿಲ್ಲ, ಒದ್ದೆಯಾದರೆ ಪಾಚಿಯೇ. ಇಬ್ಬನಿ ಬಿದ್ದಿದ್ದರೂ ಆ ಪಟ್ಟೆ ತುಳಿಯಬೇಡಿ, ಪಕ್ಕದ ಬಿಳಿ ಕಲ್ಲಿನ ಮೇಲೆ ಹೋಗಿ.

ನೆಟ್ಟಗೆ ನಿಲ್ಲುವುದು ಕಲಿಯಿರಿ. ಇದು ಮನಸ್ಸಿಗೆ ತಲೆಕೆಳಗು ಅನಿಸುತ್ತದೆ, ಬಂಡೆಗೆ ಹತ್ತಿರ ಇದ್ದಷ್ಟೂ ಕ್ಷೇಮ ಅಂತ ಮೈ ಹೇಳುತ್ತದೆ. ಆದರೆ ಮೈ ಬಂಡೆ ಕಡೆಗೆ ಬಾಗಿದರೆ ಭಾರ ಕೈಗೆ ಹೋಗಿ ಪಾದ ಹಗುರವಾಗುತ್ತದೆ, ಹಗುರವಾದ ಪಾದವೇ ಜಾರುವುದು. ಸೊಂಟ ಪಾದದ ನೇರಕ್ಕೆ ಮೇಲಿರಬೇಕು. ಭಾರ ಕೆಳಗೆ ಬಿದ್ದಷ್ಟೂ ರಬ್ಬರ್ ಕಲ್ಲನ್ನು ಕಚ್ಚುತ್ತದೆ. ಹೆಜ್ಜೆ ಚಿಕ್ಕದಿರಲಿ. ಮಧುಗಿರಿಯಲ್ಲಿ ಬಂಡೆಗೆ ಕೊರೆದ ಗುಳಿಗಳಿವೆಯಲ್ಲ, ಒಂದರಿಂದ ಇನ್ನೊಂದಕ್ಕೆ ಉದ್ದ ಕಾಲು ಚಾಚುವುದಕ್ಕಿಂತ ನಡುವೆ ಬೋಳು ಬಂಡೆ ಮೇಲೆ ಒಂದು ಸಣ್ಣ ಹೆಜ್ಜೆ ಇಟ್ಟು ಹೋಗುವುದು ವಾಸಿ. ಕಂಬಿ ಇರುವ ಕಡೆ ಕೈ ಅದರ ಮೇಲೆ ಇರಲಿ, ಆದರೆ ಅದನ್ನು ಎಳೆದುಕೊಂಡು ಮೇಲೆ ಹೋಗಬೇಡಿ. ತೋಳು ಸೋಲುತ್ತದೆ, ಬಿಸಿಲೇರಿದರೆ ಕಬ್ಬಿಣ ಸುಡುತ್ತದೆ, ಮುಖ್ಯವಾಗಿ ಪಾದ ಕೆಲಸ ಕಲಿಯುವುದೇ ಇಲ್ಲ. ಯಾವುದೇ ಕಂಬಿಯನ್ನೂ ಪೂರ್ತಿ ನಂಬಬೇಡಿ, ಬುಡ ಅಲ್ಲಾಡುತ್ತದಾ ಅಂತ ಒಮ್ಮೆ ಅಲ್ಲಾಡಿಸಿ ನೋಡಿ.

ಕಣ್ಣಿನದೂ ಒಂದು ಪಾತ್ರ ಇದೆ, ಅದನ್ನು ಯಾರೂ ಹೇಳುವುದಿಲ್ಲ. ನಾವು ನಿಂತಲ್ಲಿ ಅಲ್ಲಾಡದೆ ನಿಲ್ಲುವುದಕ್ಕೆ ಹತ್ತಿರದ ವಸ್ತುಗಳನ್ನು ನೋಡುವ ಕಣ್ಣೂ ಕಾರಣ. ಘಟ್ಟದ ಕಾಡಿನಲ್ಲಿ ಹತ್ತಡಿಗೆ ಒಂದು ಮರ ಇರುತ್ತದೆ. ಇಲ್ಲಿ ತಿರುಗಿ ನೋಡಿದರೆ ಮಧುಗಿರಿ ಪೇಟೆ, ಕೆರೆ, ಹೊಲ, ಎಲ್ಲವೂ ಎಷ್ಟೋ ದೂರದಲ್ಲಿ. ನಡುವೆ ಏನೂ ಇಲ್ಲ. ಆಗ ಮೈ ಸ್ವಲ್ಪ ತೂಗುತ್ತದೆ, ಗಟ್ಟಿ ಮನಸ್ಸಿನವರಿಗೂ ಹೀಗಾಗುತ್ತದೆ. ನಡೆಯುವಾಗ ಮೂರ್ನಾಲ್ಕು ಅಡಿ ಮುಂದಿನ ಬಂಡೆ ಮೇಲೆ ಕಣ್ಣಿಡಿ. ನೋಟ ನೋಡಬೇಕು ಅನಿಸಿದರೆ ಕೂತು ನೋಡಿ. ನಿಂತುಕೊಂಡು ಫೋನ್ ಎತ್ತಿ, ಸ್ಕ್ರೀನ್ ನೋಡುತ್ತಾ ಹಿಂದೆ ಸರಿಯುವ ಕೆಲಸ ಮಾತ್ರ ಬೇಡವೇ ಬೇಡ.

ಶೂ ಬಗ್ಗೆ ನೀವು ಬರೆದಿಲ್ಲ. ಕುಮಾರಪರ್ವತಕ್ಕೆ ಹಾಕಿದ್ದ ದಪ್ಪ ಹಲ್ಲಿನ ಟ್ರೆಕ್ಕಿಂಗ್ ಶೂ ಹಾಕಿಕೊಂಡು ಹೋಗಿದ್ದಿರಬಹುದು ಎಂದು ನನ್ನ ಊಹೆ. ಆ ಹಲ್ಲು ಕೆಸರಿಗೆ ಒಳ್ಳೆಯದು. ಬೋಳು ಬಂಡೆಗೆ ಬೇಕಾದ್ದು ಬೇರೆ, ಅಡಿ ಹೆಚ್ಚು ಚಪ್ಪಟೆಯಾಗಿ, ಮೆತ್ತನೆ ರಬ್ಬರ್ ಆಗಿರಬೇಕು, ಕಲ್ಲಿಗೆ ಎಷ್ಟು ಜಾಗ ತಾಗಿದರೆ ಅಷ್ಟು ಹಿಡಿತ. ಅಂಗಡಿಯಲ್ಲಿ ಉಗುರಿನಿಂದ ಅಡಿ ಒತ್ತಿ ನೋಡಿ, ಸ್ವಲ್ಪ ತಗ್ಗಬೇಕು. ಪ್ಲಾಸ್ಟಿಕ್ ತರ ಟಕ್ ಎಂದರೆ ಬೇಡ. ಸಾವಿರಾರು ರೂಪಾಯಿಯದೇ ಆಗಬೇಕೆಂದಿಲ್ಲ. ಬೆರಳಿನ ಮುಂದೆ ಸ್ವಲ್ಪ ಜಾಗ ಇರಲಿ, ಇಳಿಯುವಾಗ ಹೆಬ್ಬೆರಳು ಮುಂದಕ್ಕೆ ಗುದ್ದಿ ಉಗುರು ಕಪ್ಪಾಗುವುದು ತಪ್ಪುತ್ತದೆ. ಊರಿನವರು ಬರಿಗಾಲಲ್ಲಿ, ಹವಾಯಿ ಚಪ್ಪಲಿಯಲ್ಲಿ ಸರಸರ ಹೋಗುವುದು ಕಾಣುತ್ತದೆ. ಅವರ ಪಾದ ಬೇರೆ, ನಮ್ಮದು ಬೇರೆ.

ಇಳಿಯುವುದು. ನನ್ನ ಪ್ರಕಾರ ಈ ಬೆಟ್ಟದ ನಿಜವಾದ ಪರೀಕ್ಷೆ ಇದೇ. ಹತ್ತುವಾಗ ಕಣ್ಣೆದುರು ಬಂಡೆ ಇರುತ್ತದೆ, ಇಳಿಯುವಾಗ ಕಣ್ಣೆದುರು ಬರೀ ಬಯಲು. ಕಾಲು ದಣಿದಿರುತ್ತದೆ, ಬಿಸಿಲು ಏರಿರುತ್ತದೆ, ಮುಗಿಯಿತಲ್ಲ ಎಂಬ ಉದಾಸೀನವೂ ಬಂದಿರುತ್ತದೆ. ಸಾಧಾರಣ ಇಳಿಜಾರಿನಲ್ಲಿ ಮುಖ ಹೊರಗೆ ಮಾಡಿ, ಮಂಡಿ ಬಗ್ಗಿಸಿ, ಪೂರ್ತಿ ಪಾದ ಊರಿ ಇಳಿಯಿರಿ. ಇನ್ನೂ ಕಡಿದಾದರೆ ಅಡ್ಡ ತಿರುಗಿ, ಒಂದು ಪಕ್ಕವಾಗಿ. ತೀರಾ ಕಡಿದಾದ ಒಂದೆರಡು ಕಡೆ ಬಂಡೆಗೆ ಮುಖ ಮಾಡಿ ಏಣಿ ಇಳಿದ ಹಾಗೆ ಇಳಿಯಿರಿ. ನಾಚಿಕೆ ಏನಿಲ್ಲ. ನೀವು ಕುಳಿತುಕೊಂಡು ಇಳಿದೆ ಎಂದಿರಿ. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಮೈ ಇಳಿಸಲು ಕೂರುವುದು ತಪ್ಪಲ್ಲ. ಆದರೆ ಕೂತು ಜಾರಿಕೊಂಡು ಬರುವುದು ಅಪಾಯ. ಭಾರವೆಲ್ಲ ಬಟ್ಟೆಯ ಮೇಲೆ, ಪಾದಕ್ಕೆ ಹಿಡಿತವೇ ಇರುವುದಿಲ್ಲ. ಒಮ್ಮೆ ಜಾರು ಶುರುವಾದರೆ ನಿಲ್ಲಿಸುವುದು ಯಾವುದು?

ಇಳಿಯುವ ಶಕ್ತಿ ಹತ್ತುವುದರಿಂದ ಬರುವುದಿಲ್ಲ ಎನ್ನುವುದೂ ಗೊತ್ತಿರಲಿ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕು, ನೋವು ಬರುವುದೂ ಅದರಿಂದಲೇ. ಮಾರನೇ ದಿನಕ್ಕಿಂತ ಎರಡನೇ ದಿನ ಜಾಸ್ತಿ ನೋವು ಅನಿಸುವುದು ಅದಕ್ಕೇ. ಒಳ್ಳೆಯ ಸಂಗತಿ ಏನೆಂದರೆ ಒಂದು ಸಲ ಚೆನ್ನಾಗಿ ಇಳಿದು ನೋವು ತಿಂದ ಸ್ನಾಯು ಮುಂದಿನ ಕೆಲವು ವಾರ ಅಷ್ಟು ನೋಯುವುದಿಲ್ಲ. ಹಾಗಾಗಿ ಆಫೀಸಿನಲ್ಲಿ, ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಇದ್ದರೆ ಹತ್ತಲು ಬೇಕಾದರೆ ಲಿಫ್ಟ್ ಹಿಡಿಯಿರಿ, ಇಳಿಯುವುದು ಮಾತ್ರ ಮೆಟ್ಟಿಲಲ್ಲೇ, ಅದೂ ನಿಧಾನವಾಗಿ, ಒಂದೊಂದು ಮೆಟ್ಟಿಲಿಗೂ ಮೂರು ಎಣಿಸುತ್ತಾ. ಸಂಜೆ ಒಂದು ಇಪ್ಪತ್ತು ನಿಮಿಷ, ವಾರಕ್ಕೆ ಮೂರು ದಿನ ಸಾಕು. ಜಿಮ್ ಬೇಕಿಲ್ಲ.

ಈಗ ಆ ತಲೆನೋವು. ಅದು ಬಿಸಿಲು ಮತ್ತು ನೀರಿನ ಕತೆ, ಇದರಲ್ಲಿ ಕರಾವಳಿಯವರು ಮೋಸ ಹೋಗುವ ಬಗೆ ವಿಚಿತ್ರ. ಪುತ್ತೂರಿನಲ್ಲಿ ಬೆವರಿದರೆ ಅಂಗಿ ತೊಪ್ಪೆಯಾಗುತ್ತದೆ, ಹನಿಹನಿ ಇಳಿಯುತ್ತದೆ, ನೀರು ಕುಡಿಯಬೇಕು ಅಂತ ತಾನಾಗಿ ನೆನಪಾಗುತ್ತದೆ. ಇಲ್ಲಿ ಗಾಳಿ ಒಣ. ಬೆವರು ಬಂದದ್ದೇ ಆರಿಹೋಗುತ್ತದೆ. ಮೈ ಒಣಗಿಯೇ ಇರುವುದರಿಂದ ‘ಏನು ಬೆವರೇ ಇಲ್ಲ, ಊರಿಗಿಂತ ಆರಾಮ’ ಅಂದುಕೊಂಡು ನೀರು ಮುಟ್ಟುವುದಿಲ್ಲ. ಸಂಜೆ ಅಂಗಿ ತೆಗೆದು ನೋಡಿ, ಬೆನ್ನಿನ ಮೇಲೆ ಉಪ್ಪಿನ ಬಿಳಿ ಗೆರೆ ಕೂತಿರುತ್ತದೆ. ಅದರ ಮೇಲೆ ಈ ಬಂಡೆ. ಮೇಲಿಂದ ಬಿಸಿಲು ಬರುತ್ತದೆ, ಕೆಳಗಿಂದ ಕಾದ ಕಲ್ಲು ಬಿಸಿ ಉಗುಳುತ್ತದೆ, ನೆರಳಿಗೆ ಅಂತ ಇರುವುದು ಕೋಟೆ ಬಾಗಿಲು, ಗೋಡೆ ಅಷ್ಟೇ. ಒಂಬತ್ತೂವರೆಗೆ ಹತ್ತಲು ಶುರು ಮಾಡಿದವರು ಕಡಿದಾದ ಜಾಗಕ್ಕೆ ಬರುವ ಹೊತ್ತಿಗೆ ಬಾಯಿ ಒಣಗಿ, ತಲೆ ನೋಯದಿದ್ದರೇ ಆಶ್ಚರ್ಯ.

ಒಬ್ಬರಿಗೆ ಮೂರು ಲೀಟರ್ ನೀರು. ಭಾರ ಅನಿಸಿದರೂ ಹೊತ್ತುಕೊಳ್ಳಿ, ಮೇಲೆ ಹಳೇ ಕೊಳ, ದೊಣೆಗಳಲ್ಲಿ ಕಾಣುವ ನೀರು ಕುಡಿಯುವಂಥದ್ದಲ್ಲ. ಅದರಲ್ಲಿ ಒಂದು ಲೀಟರ್‌ಗೆ ಒಆರ್‌ಎಸ್ ಹಾಕಿ. ಮೆಡಿಕಲ್ ಶಾಪಿನಲ್ಲಿ ಸಿಗುವ ದೊಡ್ಡ ಪೊಟ್ಟಣ ಸರಿಯಾಗಿ ಒಂದು ಲೀಟರ್‌ಗೆ ಅಳತೆ ಮಾಡಿದ್ದು, ಅರ್ಧ ಲೀಟರ್ ಬಾಟಲಿಗೆ ಪೂರ್ತಿ ಸುರಿಯಬೇಡಿ. ಬಾಯಾರಿಕೆ ಆಗಲಿ ಅಂತ ಕಾಯದೆ ಕಾಲು ಗಂಟೆಗೊಮ್ಮೆ ನಾಲ್ಕು ಗುಟುಕು. ಹೆಂಗಸರು ಮಾಡುವ ಒಂದು ಕೆಲಸದ ಬಗ್ಗೆ ನೇರವಾಗಿಯೇ ಹೇಳುತ್ತೇನೆ. ಮೇಲೆ ಟಾಯ್ಲೆಟ್ ಇಲ್ಲ ಅಂತ ಬೆಳಗ್ಗೆಯಿಂದ ನೀರೇ ಕುಡಿಯದೆ ಬರುತ್ತಾರೆ. ಅದೇ ಎಲ್ಲಕ್ಕಿಂತ ದೊಡ್ಡ ಅಪಾಯ. ಕೆಳಗೆ ಪೇಟೆಯಲ್ಲಿ ಮುಗಿಸಿಕೊಂಡು ಹೊರಡಿ, ಆಮೇಲೆ ಲೆಕ್ಕ ಇಡದೆ ಕುಡಿಯಿರಿ. ತಿನ್ನಲು ಕಡ್ಲೆಕಾಯಿ ಚಿಕ್ಕಿ, ಬಾಳೆಹಣ್ಣು, ಖರ್ಜೂರ ಸಾಕು. ಹೊರಡುವ ಮೊದಲು ಎರಡು ಇಡ್ಲಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ, ವಡೆ ಎಲ್ಲ ಇಳಿದು ಬಂದ ಮೇಲೆ ಇಟ್ಟುಕೊಳ್ಳಿ.

ಜೊತೆಯಲ್ಲಿರುವವರು ಸುಸ್ತಾಗಿ, ತಲೆನೋವು, ವಾಕರಿಕೆ ಎಂದರೆ ನೆರಳಿಗೆ ಕೂರಿಸಿ, ತಲೆ, ಕುತ್ತಿಗೆ ಒದ್ದೆ ಮಾಡಿ, ನೀರು ಕೊಡಿ. ಮಾತು ತೊದಲಿದರೆ, ಏನೇನೋ ಮಾತಾಡಿದರೆ, ಮೈ ಕಾದಂತಿದ್ದರೆ ಅದು ಬಿಸಿಲಾಘಾತ. ಇರುವ ನೀರೆಲ್ಲ ಮೈಮೇಲೆ ಸುರಿದು ಗಾಳಿ ಹಾಕುತ್ತಾ 112 ಅಥವಾ 108ಕ್ಕೆ ಫೋನ್ ಮಾಡಿ. ಎಚ್ಚರ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಹಾಗಾದರೆ ಯುಗಾದಿ ರಜೆ? ಬೇಡ. ಮಾರ್ಚ್ ಕೊನೆ, ಏಪ್ರಿಲ್ ಈ ಸೀಮೆಯ ಅತಿ ಬಿಸಿ ತಿಂಗಳುಗಳು, ಮಧ್ಯಾಹ್ನ 35 ಡಿಗ್ರಿ ದಾಟುತ್ತದೆ. ಜೊತೆಗೆ ಸಂಜೆಯ ಗುಡುಗು ಮಳೆಯೂ ಆಗಲೇ ಶುರು. ಸುತ್ತ ಎತ್ತರದ ಮರ ಇಲ್ಲದ ಬೋಳು ಬಂಡೆ, ಅದರ ಮೇಲೆ ಕಬ್ಬಿಣದ ಕಂಬಿ, ಸಿಡಿಲಿಗೆ ಇನ್ನೇನು ಬೇಕು? ದೂರದಲ್ಲಿ ಗುಡುಗು ಕೇಳಿದರೂ ಕಂಬಿ ಬಿಟ್ಟು ಇಳಿಯಲೇಬೇಕು. ಒಂದು ಮಾತು ನಿಮಗೆ ಹೊಸದಿರಬಹುದು. ಮಳೆಗಾಲ ಎಂದರೆ ನಿಮಗೆ ಜೂನ್, ಜುಲೈ. ಊರಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಸುರಿಯುವ ಮಳೆ ತುಮಕೂರಿಗೆ ಬರುವಾಗ 600, 700ಕ್ಕೆ ಇಳಿದಿರುತ್ತದೆ, ಅದರಲ್ಲೂ ದೊಡ್ಡ ಪಾಲು ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜುಲೈನಲ್ಲಿ ಇಲ್ಲಿ ಮೋಡ ಇರುತ್ತದೆ, ತಂಪಿರುತ್ತದೆ, ಬೆಟ್ಟಕ್ಕೆ ಹೇಳಿಮಾಡಿಸಿದ ಹವೆ ಅನಿಸುತ್ತದೆ. ಆದರೆ ಗಾಳಿ ಬೀಸುವುದು ಹೋದ ವರ್ಷವೇ ನೋಡಿದ್ದೀರಲ್ಲ. ತೆರೆದ ಬಂಡೆ ಮೇಲೆ ಆ ಗಾಳಿ ಹೆಜ್ಜೆ ಎತ್ತಿದಾಗ ಪಕ್ಕಕ್ಕೆ ತಳ್ಳುತ್ತದೆ, ಜೊತೆಗೆ ಜಿಟಿಜಿಟಿ ಹನಿ ಬಿದ್ದರೆ ಕಪ್ಪು ಪಟ್ಟೆಗಳೆಲ್ಲ ಜಾರುಬಂಡೆ. ಕಲಿತವರಿಗೆ ಪರವಾಗಿಲ್ಲ, ನಿಮಗೆ ಈಗಲೇ ಬೇಡ. ದೀಪಾವಳಿ ಕಳೆದು, ಮಳೆ ನಿಂತ ಮೇಲೆ, ನವೆಂಬರ್ ಕೊನೆಯಿಂದ ಫೆಬ್ರವರಿ ಮೊದಲ ವಾರಗಳವರೆಗೆ ಹೋಗಿ.

ಬೇಜಾರಾಗಬೇಡಿ, ನಡುವೆ ಮಾಡಲು ಬೇಕಾದಷ್ಟಿದೆ. ತುಮಕೂರಿನಲ್ಲಿ ಮನೆ ಇರುವುದೇ ಒಂದು ಅದೃಷ್ಟ, ಸುತ್ತ ಎಲ್ಲ ದರ್ಜೆಯ ಬೆಟ್ಟಗಳಿವೆ. ಯುಗಾದಿ ರಜೆಯನ್ನು ದೇವರಾಯನದುರ್ಗಕ್ಕೆ ಕೊಡಿ, ಮನೆಯಿಂದ ಹದಿನೈದು ಕಿಲೋಮೀಟರ್. ಬೆಳಗ್ಗೆ ಬೇಗ ಹೋಗಿ, ಮೇಲಿನ ಯೋಗಾನರಸಿಂಹನ ಗುಡಿಗೆ ಮೆಟ್ಟಿಲು ಹತ್ತಿ ಇಳಿಯಿರಿ, ಆಮೇಲೆ ಎಲ್ಲಿ ಬಿದ್ದರೂ ಪೆಟ್ಟಾಗದಂಥ ತಗ್ಗಿನ ಬಂಡೆಯೊಂದನ್ನು ಹುಡುಕಿ, ಕೈ ಹಿಂದೆ ಕಟ್ಟಿಕೊಂಡು ಅದರ ಮೇಲೆ ನಾಲ್ಕೈದು ಸಲ ಹತ್ತಿ ಇಳಿಯಿರಿ. ಕೈ ಇಲ್ಲದಿದ್ದಾಗ ಪಾದ ತಾನಾಗಿ ಕಲಿಯುತ್ತದೆ. ನೋಡುವವರು ನಗಬಹುದು, ನಗಲಿ ಬಿಡಿ. ಕೋತಿಗಳಿಂದ ಚೀಲ ಮಾತ್ರ ಜೋಪಾನ. ಆಮೇಲೆ ಕೊರಟಗೆರೆ ಹತ್ತಿರದ ಸಿದ್ಧರಬೆಟ್ಟ, ಅಲ್ಲಿ ಮೆಟ್ಟಿಲು, ಮರದ ನೆರಳು ಎರಡೂ ಇವೆ. ಅದಾದ ಮೇಲೆ ದಾಬಸ್‌ಪೇಟೆ ಬಳಿಯ ಶಿವಗಂಗೆ. ನನ್ನನ್ನು ಕೇಳಿದರೆ ಮಧುಗಿರಿಗೆ ಅದಕ್ಕಿಂತ ಒಳ್ಳೆಯ ತಾಲೀಮು ಇಲ್ಲ. ಕೊನೆಯ ಭಾಗದಲ್ಲಿ ಬಂಡೆಗೆ ಕಡಿದ ಮೆಟ್ಟಿಲು, ಪಕ್ಕದಲ್ಲಿ ಕಂಬಿ, ಆಚೆ ಪ್ರಪಾತ, ಎಲ್ಲ ಇದೆ, ಆದರೆ ಜನ ಸದಾ ಇರುತ್ತಾರೆ. ಭಾನುವಾರ ಮಾತ್ರ ಹೋಗಬೇಡಿ, ಕಂಬಿ ಪಕ್ಕ ಸಾಲು ನಿಂತು ಹಿಂದಿನವರು ‘ಬೇಗ ಹೋಗ್ರೀ’ ಅನ್ನುವಾಗ ಕಲಿಯಲು ಆಗುವುದಿಲ್ಲ. ಚನ್ನರಾಯನದುರ್ಗ ಚೆನ್ನಾಗಿದೆ, ಹತ್ತಿರವೂ ಇದೆ, ಆದರೆ ಅಲ್ಲಿ ಜನ ಕಡಿಮೆ. ಮಧುಗಿರಿ ಮುಗಿಸಿದ ಮೇಲೆ ಹೋಗಿ. ಇನ್ನೂ ಶಾಸ್ತ್ರೋಕ್ತವಾಗಿ ಕಲಿಯುವ ಮನಸ್ಸಿದ್ದರೆ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಹತ್ತುವ ಗೋಡೆ ಇದೆ. ಹಗ್ಗ ಕಟ್ಟಿಕೊಂಡು ಪಾದವನ್ನು ನಂಬುವುದು ಕಲಿಯಲು ಒಂದೆರಡು ದಿನ ಸಾಕು.

ಬೆಟ್ಟದ ದಿನದ ಲೆಕ್ಕ ಹೀಗಿರಲಿ. ಮಧುಗಿರಿ ತುಮಕೂರಿನಿಂದ 40 ಚಿಲ್ಲರೆ ಕಿಲೋಮೀಟರ್. ಐದಕ್ಕೆ ಮನೆ ಬಿಟ್ಟರೆ ಬೆಳಕು ಹರಿಯುವಾಗ ಬುಡದಲ್ಲಿರುತ್ತೀರಿ. ಅದಕ್ಕೂ ಮೊದಲು ಕತ್ತಲಲ್ಲಿ ಹತ್ತಬೇಡಿ, ಇದು ಕರಡಿ, ಚಿರತೆ ಇರುವ ಸೀಮೆ, ಅವು ಓಡಾಡುವುದೂ ಮುಸ್ಸಂಜೆಯಿಂದ ನಸುಕಿನವರೆಗೆ. ಹತ್ತಲು ಎರಡು, ಎರಡೂವರೆ ಗಂಟೆ ಬೇಕು, ಇಳಿಯಲು ಹೆಚ್ಚುಕಡಿಮೆ ಅಷ್ಟೇ. ಮನೆಯಿಂದ ಹೊರಡುವಾಗಲೇ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ, ಒಂಬತ್ತೂವರೆ ಅನ್ನೋಣ. ಆ ಹೊತ್ತಿಗೆ ಎಲ್ಲಿದ್ದರೂ ಸರಿ, ಗೋಪಾಲಕೃಷ್ಣನ ಪಾಳು ಗುಡಿ ಮೇಲೆ ಕಾಣುತ್ತಿದ್ದರೂ ಸರಿ, ತಿರುಗಿಬಿಡಿ. ಮೇಲೆ ಹೋದ ಮೇಲೆ ಯೋಚಿಸೋಣ ಎಂದರೆ ಆಗುವುದಿಲ್ಲ, ಅಲ್ಲಿ ಆಸೆಯೇ ತೀರ್ಮಾನ ಮಾಡುತ್ತದೆ. ಈ ಸಲ ಅರ್ಧಕ್ಕೆ ತಿರುಗಿದಿರಲ್ಲ, ಅದು ಸರಿಯಾದ ಕೆಲಸ.

ಹತ್ತುವ ಮೊದಲು ಬುಡದಲ್ಲಿ ಯಾರಾದರೂ ಊರಿನವರನ್ನು, ಮೇಕೆ ಮೇಯಿಸುವವರನ್ನು ಮಾತಾಡಿಸಿ. ‘ಅಣ್ಣಾ, ಮೇಲೆ ಬಂಡೆ ಒಣಗಿದ್ಯಾ, ಜೇನು ಎಲ್ಲಿ ಕಟ್ಟಿದೆ?’ ಎಂದು ಕೇಳಿದರೆ ಸಾಕು, ಮ್ಯಾಪಿನಲ್ಲಿ ಸಿಗದ್ದೆಲ್ಲ ಹೇಳುತ್ತಾರೆ. ಹೆಜ್ಜೇನಿನ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಸೆಂಟ್ ಹಾಕಬೇಡಿ, ಹೊಗೆ ಮಾಡಬೇಡಿ, ಕಲ್ಲೆಸೆಯುವ ಹುಡುಗರ ಗುಂಪಿನಿಂದ ದೂರ ಇರಿ. ಚೀಲ ಬೆನ್ನಿಗೆ ಇರಲಿ, ಕೈ ಎರಡೂ ಖಾಲಿ. ದುಪ್ಪಟ್ಟಾ, ಅಗಲದ ಪ್ಯಾಂಟ್ ಬೇಡ.

ಜೊತೆ ಯಾರು ಅನ್ನುವುದು ಹೊಸ ಊರಿನಲ್ಲಿ ಕಷ್ಟ, ಗೊತ್ತು. ಒಬ್ಬರೇ ಮಾತ್ರ ಹೋಗಬೇಡಿ. ಆಫೀಸಿನಲ್ಲಿ ‘ಅರ್ಧ ದಿನದ ಕೆಲಸ’ ಅಂದವರಲ್ಲಿ ನಿಜವಾಗಿ ಹತ್ತಿದವರು ಯಾರು, ಕೇಳಿ ಕೇಳಿ ದಾಟಿಸಿದವರು ಯಾರು ಅಂತ ನೋಡಿ. ಹತ್ತಿದವರಲ್ಲೂ ನಿಧಾನ ನಡೆಯುವವರನ್ನು ಆರಿಸಿಕೊಳ್ಳಿ. ವಾರಾಂತ್ಯಕ್ಕೆ ಬೆಂಗಳೂರಿನಿಂದ ಗುಂಪು ಕಟ್ಟಿಕೊಂಡು ಬರುವವರ ಜೊತೆ ಸೇರಬಹುದು, ಆದರೆ ಅವರಿಗೆ ಸಂಜೆಯೊಳಗೆ ಎಲ್ಲರನ್ನೂ ವಾಪಸ್ ತಲುಪಿಸುವ ಅವಸರ. ನೀವು ನಿಂತು ಹಿಮ್ಮಡಿ ಇಳಿಸಿ ಉಸಿರು ಬಿಡುವಷ್ಟು ಹೊತ್ತು ಕಾಯುವವರು ಬೇಕು.

ಮಗಳ ವಿಷಯ. ನಿಮ್ಮ ಮೊದಲ ಪ್ರಯತ್ನಕ್ಕೆ ಬೇಡ. ಅವಳಿಗೆ ಶಕ್ತಿ ಸಾಲದೆಂದಲ್ಲ, 12ರ ಮಕ್ಕಳು ಬಂಡೆ ಮೇಲೆ ನಮಗಿಂತ ಚುರುಕು. ನಿಮ್ಮ ಕಾಲೇ ನಡುಗುವಾಗ ಕಣ್ಣು ಅವಳ ಮೇಲಿದ್ದರೆ ಇಬ್ಬರಿಗೂ ಅಪಾಯ. ದೇವರಾಯನದುರ್ಗಕ್ಕೆ, ಸಿದ್ಧರಬೆಟ್ಟಕ್ಕೆ ಕರೆದುಕೊಂಡು ಹೋಗಿ. ಶಿವಗಂಗೆಯಲ್ಲಿ ಅವಳು ಮುಂದೆ ಓಡದೆ ನೀವು ಹೇಳಿದಲ್ಲಿ ನಿಲ್ಲುತ್ತಾಳಾ ಅಂತ ನೋಡಿ. ನಿಂತರೆ, ಡಿಸೆಂಬರ್‌ನಲ್ಲಿ ನೀವು ಒಮ್ಮೆ ತುದಿ ಮುಟ್ಟಿ ಬಂದ ಮೇಲೆ ಜನವರಿಯಲ್ಲಿ ಅವಳನ್ನೂ ಕರೆದುಕೊಂಡು ಹೋಗಬಹುದು. ಹತ್ತುವಾಗ ಅವಳು ಮುಂದೆ, ನೀವು ಒಂದು ಹೆಜ್ಜೆ ಹಿಂದೆ. ಇಳಿಯುವಾಗ ನೀವು ಮುಂದೆ, ಅವಳು ಹಿಂದೆ. ಅವಳಿಗೂ ಶೂ ಬೇರೆ ಬೇಕಾಗುತ್ತದೆ, ಸ್ಕೂಲ್ ಶೂ ಅಡಿ ಗಟ್ಟಿ.